ಎರಡು ಬಾಗಿಲ ನಡುವಿನ ಗಾಳಿ

ಆ ಕಟ್ಟಡದಲ್ಲಿ ಅವಳನ್ನು ಎಲ್ಲರೂ ಬಾಗಿಲಕ್ಕ ಎನ್ನುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಎದೆಯ ಮೇಲಿನ ಪ್ಲಾಸ್ಟಿಕ್ ಪಟ್ಟಿಯಲ್ಲಿತ್ತು. ಆರು ವರ್ಷದಲ್ಲಿ ಅದನ್ನು ಓದಿದವರು ನನಗೆ ತಿಳಿದಂತೆ ಇಬ್ಬರೇ. ಒಬ್ಬಳು ಗಾಳಿ ಅಳೆಯಲು ಬಂದ ಇಂಜಿನಿಯರ್. ಇನ್ನೊಬ್ಬರು, ಅವಳನ್ನು ಕೆಲಸದಿಂದ ತೆಗೆದ ಕಾಗದವನ್ನು ಟೈಪ್ ಮಾಡಿದವರು.

ಹನ್ನೊಂದು ಅಂತಸ್ತಿನ ಗಾಜಿನ ಕಟ್ಟಡ. ಹಸಿರು ಕಟ್ಟಡ ಎಂದು ಸರ್ಟಿಫಿಕೇಟ್ ಪಡೆದದ್ದು. ಕರೆಂಟು ಕಡಿಮೆ ತಿನ್ನುತ್ತದೆ, ಕೈ ತೊಳೆದ ನೀರನ್ನು ಗಿಡಕ್ಕೆ ಹಾಯಿಸುತ್ತದೆ, ಬಿಸಿಲನ್ನು ಲೆಕ್ಕ ಹಾಕಿ ಒಳಗೆ ಬಿಟ್ಟುಕೊಳ್ಳುತ್ತದೆ. ಇದರಲ್ಲಿ ಸುಳ್ಳೇನೂ ಇಲ್ಲ, ನಾನೇ ಕಾಗದ ಓದಿದ್ದೇನೆ. ಒಳಗಿನ ತಂಪು ಬೀದಿಗೆ ಸೋರಬಾರದು ಎಂದು ಮುಂಬಾಗಿಲನ್ನು ಎರಡು ಮಾಡಿದ್ದರು. ಮೊದಲು ಹೊರಬಾಗಿಲು, ಐದು ಹೆಜ್ಜೆ ನಡೆದರೆ ಒಳಬಾಗಿಲು. ಒಂದು ತೆರೆದಿದ್ದಾಗ ಇನ್ನೊಂದು ಮುಚ್ಚಿರಬೇಕು. ನಡುವೆ ಹನ್ನೆರಡಡಿ ಉದ್ದ, ಎಂಟಡಿ ಅಗಲದ ಒಂದು ಗಾಜಿನ ಪೆಟ್ಟಿಗೆ. ಅದರೊಳಗೆ ಒಂದು ಮೇಜು, ಒಂದು ಕುರ್ಚಿ, ಒಂದು ಗಿಡದ ಕುಂಡ, ಬಾಗಿಲಕ್ಕ.

ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಹೆಂಗಸರ ಬ್ಯಾಗು ತೆರೆದು ನೋಡುವುದು ಅವಳ ಕೆಲಸ. ಹೊರಬಾಗಿಲ ಮುಂದೆಯೇ ಕಾರುಗಳು ನಿಲ್ಲುವ ಜಾಗ. ಸಾಹೇಬರು ಇಳಿಯುವವರೆಗೆ ಡ್ರೈವರುಗಳು ಇಂಜಿನ್ ಆರಿಸುವುದಿಲ್ಲ. ಹೊರಬಾಗಿಲು ತೆರೆದರೆ ಹೊಗೆ ನುಗ್ಗುತ್ತದೆ. ಒಳಬಾಗಿಲು ತೆರೆದರೆ ಕಪಾಳಕ್ಕೆ ಬಾರಿಸಿದ ಹಾಗೆ ಏಸಿಯ ತಂಪು. ಎರಡೂ ಮುಚ್ಚಿದ್ದಾಗ ಬಂದುಹೋದವರ ಸೆಂಟು, ಬೆವರು, ರಬ್ಬರ್ ಚಾಪೆಯ ಬಿಸಿ ವಾಸನೆ, ಜೊತೆಗೆ ಆಗ ನುಗ್ಗಿದ ಹೊಗೆಯಲ್ಲಿ ಹೊರಗೆ ಹೋಗದೆ ಉಳಿದದ್ದು.

ಇದಕ್ಕೆ ಮುಂಚೆ ಅವಳು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ದುಡಿದವಳು. ಎಂಟನೇ ಕ್ಲಾಸಿಗೆ ಬಿಟ್ಟ ಓದು, ಆದರೆ ಅಕ್ಷರ ಮುತ್ತು ಪೋಣಿಸಿದ ಹಾಗೆ. ಪೆಟ್ಟಿಗೆಗಳ ಮೇಲೆ ಊರು, ವಿಳಾಸ, ತೂಕ ಬರೆಯುವುದಕ್ಕೆ ಅವಳನ್ನೇ ಕರೆಯುತ್ತಿದ್ದರು. ಕಾರ್ಖಾನೆ ಮುಚ್ಚಿತು. ಸೆಕ್ಯುರಿಟಿ ಕಂಪನಿಯವರು ಹೆಂಗಸರು ಬೇಕೆಂದರು, ಸೇರಿದಳು. ವರ್ಷ ಕಳೆದ ಮೇಲೆ ತನಗಿಂತ ಎಂಟು ವರ್ಷ ಚಿಕ್ಕವಳಾದ ತಂಗಿಯನ್ನೂ ಅಲ್ಲಿಗೇ ಸೇರಿಸಿದಳು. ತಂಗಿಯ ಗಂಡ ಬಿಟ್ಟುಹೋಗಿದ್ದ, ಓದುವ ಮಗಳಿದ್ದಳು. ತಂಗಿಗೆ ನೆಲಮಾಳಿಗೆಯಲ್ಲಿ ಗಾಡಿ ಬಿಡುವ ಗೇಟಿನ ಡ್ಯೂಟಿ. ಇಬ್ಬರೂ ಒಂದೇ ಬಸ್ಸಿಗೆ ಬಂದು ಒಂದೇ ಬಸ್ಸಿಗೆ ಹೋಗುತ್ತಿದ್ದರು.

ಮೂರನೇ ವರ್ಷ ತಲೆನೋವು ಹಿಡಿಯಿತು. ಬೆಳಿಗ್ಗೆ ಹತ್ತಕ್ಕೆ ಶುರುವಾದದ್ದು ಬಸ್ಸು ಹತ್ತಿ ಕಿಟಕಿ ಪಕ್ಕ ಕೂತು ನಾಲ್ಕು ಸ್ಟಾಪು ದಾಟಿದ ಮೇಲೆ ಬಿಡುತ್ತಿತ್ತು. ವಾರದ ರಜೆಯ ದಿನ ಬರುತ್ತಿರಲಿಲ್ಲ. ಗಂಡ ಮನೆಗಳಿಗೆ ಬಣ್ಣ ಹೊಡೆಯುವವನು, ಥಿನ್ನರ್ ವಾಸನೆ ಕುಡಿದೇ ಅರ್ಧ ಆಯುಷ್ಯ ಕಳೆದವನು. ಅವನು ತಕ್ಷಣ ಕಂಡುಹಿಡಿದ.

"ಅದು ತಲೆ ರೋಗ ಅಲ್ಲ ಕಣೆ, ಜಾಗದ ರೋಗ. ನಾನು ಮುಚ್ಚಿದ ರೂಮಲ್ಲಿ ಬಣ್ಣ ಹೊಡೆದಾಗ ಹಿಂಗೇ ಆಗುತ್ತೆ. ನಾನಾದ್ರೂ ಕಿಟಕಿ ತೆಗೀತೀನಿ."

"ಅಲ್ಲಿ ಕಿಟಕಿನೇ ಇಲ್ಲ."

"ಗಾಜಿನ ಮನೇಲಿ ಕಿಟಕಿ ಇಲ್ವಾ?"

"ಎಲ್ಲಾ ಕಿಟಕಿನೇ. ಯಾವುದೂ ತೆಗೆಯೋಕಾಗಲ್ಲ."

ಆರನೇ ವರ್ಷ ಒಂದು ಬೇಸಿಗೆಯ ಬೆಳಿಗ್ಗೆ ಒಬ್ಬ ಹೆಂಗಸಿನ ಬ್ಯಾಗು ಕೈಯಲ್ಲಿದ್ದಂತೆಯೇ ಬಾಗಿಲಕ್ಕ ಕುಸಿದು ಬಿದ್ದಳು. ಆ ಹೆಂಗಸು ಮೊದಲು ಬ್ಯಾಗು ಎತ್ತಿಕೊಂಡಳು, ಆಮೇಲೆ ಕೂಗಿದಳು. ಇದನ್ನು ಬಾಗಿಲಕ್ಕ ಸಿಟ್ಟಿನಿಂದ ಹೇಳಲಿಲ್ಲ. "ಅದರಲ್ಲಿ ಕಂಪ್ಯೂಟರ್ ಇತ್ತು, ಪಾಪ" ಅಂದಳು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ ರಕ್ತದಲ್ಲಿ ತಪ್ಪೇನೂ ಇಲ್ಲ, ಗಾಳಿ ಆಡುವ ಕಡೆ ಕೆಲಸ ಮಾಡಿ ಎಂದರು. ಹಾಗೆ ಹೇಳುವುದಕ್ಕೆ ಡಾಕ್ಟರೇ ಬೇಕಾಗಿರಲಿಲ್ಲ.

ಅವಳು ಕೇಳಿದ್ದು ದೊಡ್ಡದೇನಲ್ಲ. ಮೇಜಿನ ಪಕ್ಕದ ಗೋಡೆಯಲ್ಲಿ ಒಂದು ಗಾಳಿಕಿಂಡಿ. ಆ ಗೋಡೆಯ ಆಚೆ ಕಾರುಗಳಿಲ್ಲ, ಹೂವಿನ ಪಾತಿ ಇತ್ತು. ಮೊದಲು ಸೂಪರ್‌ವೈಸರನ್ನು ಕೇಳಿದಳು.

"ಸಾರ್, ಒಂದು ಕಿಂಡಿ ಮಾಡಿಸಿಕೊಡಿ. ಬೆಕ್ಕು ನುಗ್ಗುವಷ್ಟಾದ್ರೂ ಸಾಕು."

"ಬೆಕ್ಕು ಒಳಗೆ ಬಂದ್ರೆ ಯಾರು ಹಿಡೀತಾರೆ?"

"ಬಂದ್ರೆ ಅದರ ಬ್ಯಾಗೂ ಚೆಕ್ ಮಾಡ್ತೀನಿ ಬಿಡಿ."

ಸೂಪರ್‌ವೈಸರ್ ನಕ್ಕು ಅವಳನ್ನು ಕಟ್ಟಡದ ಮ್ಯಾನೇಜರ ಹತ್ತಿರ ಅಟ್ಟಿದ. ಮ್ಯಾನೇಜರ್ ಕೆಟ್ಟವನೇನಲ್ಲ. ಕೂರಲು ಹೇಳಿದ, ನೀರು ಕೊಡಿಸಿದ, ಮೇಜಿನ ಮೇಲೆ ನಕ್ಷೆ ಹರಡಿ ಬೆರಳಿಟ್ಟು ತೋರಿಸಿದ.

"ನೋಡಿಮ್ಮಾ, ಕಟ್ಟಡದಲ್ಲಿ ಎರಡು ಥರ ಜಾಗ. ಒಂದು, ಜನ ಕೂತು ಕೆಲಸ ಮಾಡೋದು. ಅಲ್ಲಿಗೆ ತಲೆಗಿಷ್ಟು ಅಂತ ಹೊರಗಿನ ಗಾಳಿ ತರಬೇಕು, ಅದು ನಿಯಮ. ಇನ್ನೊಂದು ಹಾದುಹೋಗೋ ಜಾಗ. ಮೆಟ್ಟಿಲು, ವರಾಂಡ, ಲಿಫ್ಟ್ ಮುಂದೆ, ಈ ನಿಮ್ಮ ಬಾಗಿಲು. ಅಲ್ಲಿ ಯಾರೂ ಇರಲ್ಲ, ಹೋಗ್ತಾರೆ ಅಷ್ಟೇ. ಬಾಗಿಲು ತೆರೆದು ಮುಚ್ಚುತ್ತಲ್ಲ, ಅದನ್ನೇ ಕಿಂಡಿ ಅಂತ ಲೆಕ್ಕಕ್ಕೆ ಹಿಡೀತಾರೆ."

"ನಾನಿದೀನಲ್ಲ ಸಾರ್."

"ನಕ್ಷೇಲಿ ನೀವಿಲ್ಲಮ್ಮ."

ಬಾಗಿಲಕ್ಕ ಬಗ್ಗಿ ನೋಡಿದಳು. ಎರಡು ಬಾಗಿಲ ನಡುವೆ, ಮೂಲೆಯಲ್ಲಿ, ದುಂಡಗೆ ಏನೋ ಬರೆದಿತ್ತು.

"ಇದೇನು ಸಾರ್?"

"ಅದು ಗಿಡದ ಕುಂಡ."

ಆ ವಾರ ಅವಳು ನಮ್ಮ ಸಂಘದ ಕಚೇರಿಗೆ ಬಂದಳು. ಟೈರ್ ಅಂಗಡಿಯ ಮೇಲಿನ ಒಂದೇ ಕೋಣೆ, ಕಾವಲಿನವರ, ಕಸ ಗುಡಿಸುವವರ ಸಂಘ. ಕುಂಡದ ಕಥೆ ಹೇಳಿ ತಾನೇ ನಕ್ಕಳು, ನಗುತ್ತಾ ಕೆಮ್ಮಿದಳು. ನಾನು ಆ ನಿಯಮದ ಪುಸ್ತಕ ತರಿಸಿ ಓದಿದೆ. ಮ್ಯಾನೇಜರ್ ಹೇಳಿದ್ದು ಸರಿಯೇ ಇತ್ತು, ಆದರೆ ಪೂರ್ತಿ ಹೇಳಿರಲಿಲ್ಲ. ಹಾದುಹೋಗುವ ಜಾಗದಲ್ಲಿ ಒಬ್ಬರೇ ಒಬ್ಬರು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಒಂದೇ ಸಮನೆ ನಿಂತು ಕೆಲಸ ಮಾಡಿದರೂ ಅದು ಕೂರುವ ಜಾಗ ಎಂದೇ ಲೆಕ್ಕ; ಹೊರಗಿನ ಗಾಳಿಗೆ ಬೇರೆ ದಾರಿ ಕೊಡಬೇಕು. ಕಟ್ಟಡದ ಸರ್ಟಿಫಿಕೇಟನ್ನು ಐದು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಆ ವರ್ಷ ಎರಡು ತಿಂಗಳಲ್ಲಿ ಅದರ ತಪಾಸಣೆ ಇತ್ತು.

ಇಷ್ಟು ಸುಲಭದ ಹೋರಾಟ ನಮಗೆ ಯಾವತ್ತೂ ಸಿಕ್ಕಿರಲಿಲ್ಲ. ಧರಣಿ ಬೇಡ, ಘೋಷಣೆ ಬೇಡ, ಪೊಲೀಸರ ಹತ್ತಿರ ಒದೆ ತಿನ್ನುವುದು ಬೇಡ. ಒಬ್ಬ ಹೆಂಗಸು ದಿನವಿಡೀ ಒಂದು ಕಡೆ ಕೂರುತ್ತಾಳೆ ಎಂದು ತೋರಿಸಿದರೆ ಆಯಿತು. ಸರ್ಟಿಫಿಕೇಟ್ ಕೊಡುವ ಸಂಸ್ಥೆಗೆ ಅರ್ಜಿ ಬರೆದೆವು. ತಪಾಸಣೆಗೆ ಬರುವವರು ಆ ಜಾಗವನ್ನೂ ಅಳೆಯುತ್ತಾರೆ ಎಂದು ಉತ್ತರ ಬಂತು. ಕೋಟೆ ಗೆದ್ದವರ ಹಾಗೆ ಎಲ್ಲರೂ ಟೀ ಕುಡಿದೆವು.

ತಲೆನೋವು ಯಾವಾಗ ಬರುತ್ತದೆ ಎಂದು ಅವಳನ್ನು ಕೇಳಿದ್ದೆವು. ಕಾರುಗಳು ಎಷ್ಟು ಹೊತ್ತು ನಿಲ್ಲುತ್ತವೆ ಎಂದು ಕೇಳಿದ್ದೆವು. ಎಷ್ಟು ಜನ ಸಾಲು ನಿಲ್ಲುತ್ತಾರೆ, ಊಟ ಎಲ್ಲಿ ಮಾಡುತ್ತೀ, ಎಲ್ಲ ಕೇಳಿದ್ದೆವು. ಬೆಳಿಗ್ಗೆ ಬಂದ ಕೂಡಲೇ ಏನು ಬರೆಯುತ್ತೀ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ, ಯೂನಿಫಾರ್ಮ್ ಇಸ್ತ್ರಿ ಮಾಡುವುದನ್ನು ಯಾರಾದರೂ ಹೇಳುತ್ತಾರೆಯೇ, ಅದೂ ಹಾಗೆಯೇ.

ಅದು ರೌಂಡ್ಸ್ ಪುಸ್ತಕ. ಕಾವಲಿನ ಪ್ರತಿಯೊಬ್ಬರೂ ಅರ್ಧ ಗಂಟೆಗೊಮ್ಮೆ ತಮ್ಮ ಜಾಗದಿಂದ ಎದ್ದು ಹೋಗಿ ಪಂಪ್ ಕೋಣೆ, ನೆಲಮಾಳಿಗೆ, ಮೆಟ್ಟಿಲು, ತಾರಸಿಯ ಬಾಗಿಲು ನೋಡಿ ಬಂದು ಹೊತ್ತು ಬರೆದು ಸಹಿ ಹಾಕಬೇಕು. ವಿಮೆಯವರಿಗೆ ಆ ಪುಸ್ತಕ ಬೇಕು. ಆದರೆ ಕಾವಲಿನವರು ಒಂಬತ್ತು ಜನ, ಬಾಗಿಲು ಒಂಬತ್ತು. ಒಬ್ಬರು ಎದ್ದು ಹೋದರೆ ಒಂದು ಬಾಗಿಲು ಬಿಕೋ ಅನ್ನುತ್ತದೆ. ಬಾಗಿಲಕ್ಕ ಸೇರಿದ ಮೊದಲ ದಿನವೇ ಸೂಪರ್‌ವೈಸರ್ ಹೇಳಿಕೊಟ್ಟಿದ್ದ. "ಪುಸ್ತಕ ಖಾಲಿ ಇರಬಾರದು, ಬಾಗಿಲೂ ಖಾಲಿ ಇರಬಾರದು. ಎರಡನ್ನೂ ಹೇಗೆ ಮಾಡ್ತೀಯೋ ನಿನಗೆ ಬಿಟ್ಟಿದ್ದು."

ಮಾಡುವ ದಾರಿ ಒಂದೇ. ಬೆಳಿಗ್ಗೆ ಏಳಕ್ಕೆ ಬಂದು, ಇಡೀ ದಿನದ ರೌಂಡ್ಸನ್ನು ಒಂದೇ ಸಲಕ್ಕೆ ಬರೆದುಬಿಡುವುದು. ಅವಳ ಅಕ್ಷರ ಚೆನ್ನಾಗಿತ್ತಲ್ಲ, ಒಂಬತ್ತೂ ಜನರದ್ದನ್ನು ಅವಳೇ ಬರೆಯತೊಡಗಿದಳು. ಅವರವರು ಹೋಗುವಾಗ ಸಹಿ ಗೀಚಿ ಹೋಗುತ್ತಿದ್ದರು. ಆ ಕೆಲಸದಲ್ಲಿ ಅವಳಿಗೆ ಒಂದು ಹೆಮ್ಮೆಯೂ ಇತ್ತು. ಒಂಬತ್ತೂವರೆ ಎಂದು ಬರೆದರೆ ಅನುಮಾನ ಬರುತ್ತದೆ, ಒಂಬತ್ತು ಮೂವತ್ತೆರಡು ಎಂದು ಬರೆಯುವಳು. ಆಮೇಲೆ ಹತ್ತು ನಾಲ್ಕು. ಆಮೇಲೆ ಹತ್ತು ಇಪ್ಪತ್ತೊಂಬತ್ತು. ನಡುವೆ ಪೆನ್ನು ಬದಲಿಸುವಳು. ಅಪರೂಪಕ್ಕೆ 'ಪಂಪ್ ಕೋಣೆಯ ಬಲ್ಬ್ ಹೋಗಿದೆ' ಎಂದೂ ಸೇರಿಸುವಳು. ಎಲೆಕ್ಟ್ರಿಷಿಯನ್ ಏಣಿ ಹೊತ್ತು ಹೋಗಿ, ಉರಿಯುತ್ತಿರುವ ಬಲ್ಬ್ ನೋಡಿ, ಇವಳ ಮುಂದೆ ಬಂದು ಕೈ ಮುಗಿದಿದ್ದ. "ಅಕ್ಕಾ, ನಿನ್ನ ಕಣ್ಣು ಮೊದಲು ತೋರಿಸ್ಕೋ."

ತಪಾಸಣೆಯ ದಿನವೂ ಅವಳು ಎಂದಿನಂತೆ ಏಳಕ್ಕೆ ಬಂದಳು. ಎಂದಿನಂತೆ ಪುಸ್ತಕ ತೆರೆದಳು. ಕೈಗೆ ಅಭ್ಯಾಸವಾಗಿದ್ದನ್ನು ಕೈ ಮಾಡಿ ಮುಗಿಸಿತು. ಪುಸ್ತಕವನ್ನು ಮೇಜಿನ ಖಾನೆಯಲ್ಲಿ ಹಾಕಿ ಬ್ಯಾಗು ನೋಡಲು ನಿಂತಳು.

ಅಳತೆಗೆ ಬಂದ ಇಂಜಿನಿಯರ್ ಮೂವತ್ತರ ಆಸುಪಾಸಿನ ಹೆಂಗಸು. ನಾವು ಅರ್ಜಿಯಲ್ಲಿ ಬರೆದಿದ್ದ ಹಾಗೆ ಜನಜಂಗುಳಿಯ ಹೊತ್ತಿಗೇ, ಎಂಟೂ ಮುಕ್ಕಾಲಿಗೆ ಬಂದಳು. ಸಾಲು ನಿಭಾಯಿಸಲಿ ಎಂದು ಸೂಪರ್‌ವೈಸರ್ ತಂಗಿಯನ್ನು ನೆಲಮಾಳಿಗೆಯಿಂದ ಕರೆಸಿ ಒಳಬಾಗಿಲ ಹತ್ತಿರ ನಿಲ್ಲಿಸಿದ್ದ. ಇಂಜಿನಿಯರ್ ಕೈಯಲ್ಲಿ ಸಣ್ಣ ರೇಡಿಯೋದಂಥ ಯಂತ್ರ. ಹೊರಗೆ ಹೂವಿನ ಪಾತಿಯ ಬಳಿ ಹಿಡಿದಾಗ ನಾನೂರ ಇಪ್ಪತ್ತು ತೋರಿಸಿತು. ಒಳಗಿನ ದೊಡ್ಡ ಹಾಲ್‌ನಲ್ಲಿ ಏಳುನೂರು. ಎರಡು ಬಾಗಿಲ ನಡುವೆ, ಹದಿನೈದು ಹೆಂಗಸರು ಸಾಲಾಗಿ ನಿಂತಿದ್ದಾಗ, ಸಾವಿರದ ಒಂಬೈನೂರು. ಜನ ಬಿಟ್ಟ ಉಸಿರಿನ ಲೆಕ್ಕ ಅದು. ಕಾರಿನ ಹೊಗೆಗೆ ಬೇರೆ ಯಂತ್ರವಿತ್ತು, ಅದು ಕೀಂ ಕೀಂ ಎಂದು ಕೂಗಿಕೊಂಡಿತು.

ಸಾಲು ಕರಗಿದ ಮೇಲೆ ಇಂಜಿನಿಯರ್ ಬಾಗಿಲಕ್ಕನ ಎದೆಯ ಪಟ್ಟಿ ನೋಡಿ ಹೆಸರು ಹಿಡಿದು ಕರೆದಳು. ಯಾರನ್ನೋ ಕರೆಯುತ್ತಿದ್ದಾರೆಂದು ಬಾಗಿಲಕ್ಕ ಹಿಂದೆ ತಿರುಗಿ ನೋಡಿದಳು.

"ನಿಮ್ಮನ್ನೇ. ಇಲ್ಲಿ ಎಷ್ಟು ಹೊತ್ತು ಇರ್ತೀರಿ?"

"ಏಳರಿಂದ ಆರು ಮೇಡಂ."

"ಮಧ್ಯೆ ಎದ್ದು ಹೋಗಲ್ವಾ?"

"ಎರಡು ಸಲ. ಅದೂ ಬೇರೆಯೋರು ಬಂದು ನಿಂತ ಮೇಲೆ."

ಮ್ಯಾನೇಜರ್ ಕೆಮ್ಮಿದ. ಅವನ ಕೈಯಲ್ಲಿ ಹಳೆಯ ರೌಂಡ್ಸ್ ಪುಸ್ತಕಗಳ ಒಂದು ಕಟ್ಟಿತ್ತು.

"ಮೇಡಂ, ಬಾಯಿ ಮಾತು ಬೇರೆ, ದಾಖಲೆ ಬೇರೆ. ಇದು ನಮ್ಮ ಕಾವಲಿನವರೇ ಬರೆದಿರೋದು. ನೋಡಿ, ಮುಂಬಾಗಿಲ ಸಿಬ್ಬಂದಿ. ಎಂಟು ಎರಡಕ್ಕೆ ಪಂಪ್ ಕೋಣೆ. ಎಂಟು ಮೂವತ್ತೊಂದಕ್ಕೆ ಮೆಟ್ಟಿಲು. ಒಂಬತ್ತು ಮೂರಕ್ಕೆ ತಾರಸಿ. ಆರು ವರ್ಷದ್ದೂ ಇದೆ. ಅರ್ಧ ಗಂಟೆಗಿಂತ ಹೆಚ್ಚು ಇವರು ಇಲ್ಲಿ ಕೂತ ಒಂದು ದಿನವೂ ಇಲ್ಲ."

ಅವನಿಗೆ ಸತ್ಯ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ದಿನಕ್ಕೆ ನಾಲ್ಕು ಸಲ ಆ ಬಾಗಿಲಲ್ಲೇ ಓಡಾಡುವವನು, ನಾಲ್ಕು ಸಲವೂ ಅವಳನ್ನು ಅಲ್ಲೇ ನೋಡಿದವನು. ಆದರೂ ಪುಸ್ತಕದಲ್ಲಿ ಅವಳು ತಾರಸಿಯಲ್ಲಿದ್ದಳು.

ಇಂಜಿನಿಯರ್ ಪುಟ ತಿರುವಿದಳು. ಬಾಗಿಲಕ್ಕನ ಕಡೆ ನೋಡಿದಳು. "ಇದು ನೀವು ಬರೆದದ್ದೇನಾ?"

ಬಾಗಿಲಕ್ಕ ಪುಟದ ಮೇಲಿನ ತನ್ನ ಅಕ್ಷರ ನೋಡಿದಳು. ಹೌದು, ಹೋಗಿದ್ದೆ ಎಂದರೆ ಕಿಂಡಿಯ ಕಥೆ ಅಲ್ಲಿಗೆ ಮುಗಿಯಿತು. ಸಂಜೆ ಬಸ್ಸು ಹತ್ತಬಹುದು, ನಾಳೆ ಮತ್ತೆ ಬರಬಹುದು, ಹತ್ತಕ್ಕೆ ತಲೆನೋವೂ ಬರುತ್ತದೆ. ಹೋಗಿರಲಿಲ್ಲ ಎಂದರೆ ಆರು ವರ್ಷ ಸುಳ್ಳು ಬರೆದವಳಾಗುತ್ತಾಳೆ. ಒಳಬಾಗಿಲ ಬಳಿ ತಂಗಿ ನಿಂತಿದ್ದಳು. ಅಕ್ಕನ ಮುಖ ನೋಡಿಯೇ ಅವಳಿಗೆ ಅಂದಾಜಾಯಿತು. ಬೇಡ ಎಂದು ತಲೆ ಆಡಿಸಿದಳು, ಬೇರೆಯವರಿಗೆ ಕಾಣದಷ್ಟು, ಅಕ್ಕನಿಗೆ ಕಾಣುವಷ್ಟು.

ಬಾಗಿಲಕ್ಕ ಮೇಜಿನ ಖಾನೆ ಎಳೆದು ಪುಸ್ತಕ ತೆಗೆದಳು.

"ಹಳೇದು ಯಾಕೆ ಮೇಡಂ, ಇವತ್ತಿಂದು ನೋಡಿ."

ಗಡಿಯಾರದಲ್ಲಿ ಒಂಬತ್ತೂ ಹತ್ತು. ಪುಟದಲ್ಲಿ ಸಂಜೆ ಐದು ಐವತ್ತೆಂಟರವರೆಗೆ ಬರೆದು ಮುಗಿದಿತ್ತು. ಒಂಬತ್ತು ಜನ, ಒಂಬತ್ತು ಸಾಲು. ನೆಲಮಾಳಿಗೆಯ ಗೇಟಿನವಳು ಮಧ್ಯಾಹ್ನ ಮೂರು ಇಪ್ಪತ್ತೇಳಕ್ಕೆ ತಾರಸಿ ನೋಡಿ ಬಂದಿದ್ದಳು. ಮುಂಬಾಗಿಲ ಸಿಬ್ಬಂದಿ ನಾಲ್ಕು ಮೂವತ್ತಾರಕ್ಕೆ ಪಂಪ್ ಕೋಣೆಯಲ್ಲಿ ನೀರು ಸೋರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡಿದ್ದಳು.

ಇಂಜಿನಿಯರ್ ತುಸು ಹೊತ್ತು ಆ ಪುಟವನ್ನೇ ನೋಡಿದಳು.

"ಎಲ್ಲರದೂ ಒಂದೇ ಕೈಬರಹ ಇದೆಯಲ್ಲ."

"ಎಲ್ಲಾ ನಂದೇ. ಅವರದೇನೂ ಇಲ್ಲ ಮೇಡಂ, ನಾನೇ ಬರೆಯೋದು. ಯಾರೂ ಎಲ್ಲಿಗೂ ಹೋಗಲ್ಲ. ಹೋದ್ರೆ ಬಾಗಿಲು ಯಾರು ನೋಡ್ಕೋತಾರೆ?"

ಸೂಪರ್‌ವೈಸರ್ ಶೂ ನೋಡಿಕೊಳ್ಳುತ್ತಿದ್ದ. ಮ್ಯಾನೇಜರ್ ಹಳೆಯ ಪುಸ್ತಕಗಳ ಕಟ್ಟನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿಕೊಂಡ. ತಂಗಿ ಒಳಬಾಗಿಲು ತಳ್ಳಿಕೊಂಡು ಹೋಗಿಬಿಟ್ಟಳು. ಇಂಜಿನಿಯರ್ ತನ್ನ ಕಾಗದದಲ್ಲಿ ಒಂದು ಸಾಲು ಬರೆದಳು: ಇಲ್ಲಿ ಒಬ್ಬರು ದಿನಕ್ಕೆ ಹನ್ನೊಂದು ಗಂಟೆ ಇರುತ್ತಾರೆ.

ಆ ಒಂದು ಸಾಲಿಗಾಗಿ ನಾವು ಎರಡು ತಿಂಗಳು ಓಡಾಡಿದ್ದೆವು. ಸಿಕ್ಕಿತು. ಅದೇ ದಿನ ಸಂಜೆ ಬಾಗಿಲಕ್ಕ ಒಬ್ಬಳೇ ಬಸ್ಸು ಹತ್ತಿದಳು. ತಂಗಿ ಮುಂದಿನ ಬಸ್ಸಿಗೆ ಬರುತ್ತೇನೆಂದು ಸ್ಟಾಪಿನಲ್ಲೇ ನಿಂತಳು.

ಹತ್ತು ದಿನಕ್ಕೆ ಕಾಗದ ಬಂತು. ದಾಖಲೆಯಲ್ಲಿ ಸುಳ್ಳು ಬರೆದಿದ್ದಾಳೆ, ತಾನೇ ಒಪ್ಪಿಕೊಂಡಿದ್ದಾಳೆ, ಆದ್ದರಿಂದ ಕೆಲಸದಿಂದ ತೆಗೆಯಲಾಗಿದೆ. ಉಳಿದ ಎಂಟು ಜನಕ್ಕೆ ಕೊನೆಯ ಎಚ್ಚರಿಕೆ. ಸೂಪರ್‌ವೈಸರ್ ತನಗೆ ಈ ವಿಷಯ ಏನೇನೂ ಗೊತ್ತಿರಲಿಲ್ಲ ಎಂದು ಬರೆದುಕೊಟ್ಟ. ಅವನು ಬರೆದದ್ದನ್ನು ಯಾರೂ ಸುಳ್ಳು ದಾಖಲೆ ಎನ್ನಲಿಲ್ಲ.

ನಾವು ಜಗಳಕ್ಕೆ ನಿಂತೆವು. ಬರೆದವಳು ಇವಳು ಸರಿ, ಬರೆಸಿದವರು ಯಾರು ಎಂದು ಕೇಳಿದೆವು. ಸಾಕ್ಷಿ ತನ್ನಿ ಎಂದರು. ಎಂಟು ಜನರಲ್ಲಿ ಇಬ್ಬರು, ಹೋಗಲಿ ಒಬ್ಬರು, ಸೂಪರ್‌ವೈಸರೇ ಹೇಳಿ ಬರೆಸುತ್ತಿದ್ದ ಎಂದು ಸಹಿ ಹಾಕಿದ್ದರೆ ಸಾಕಿತ್ತು. ನಾನು ಎಂಟೂ ಮನೆಗೆ ಹೋದೆ. ಟೀ ಕೊಟ್ಟರು. ಸಹಿ ಹಾಕಲಿಲ್ಲ. ಒಬ್ಬ ಹಿರಿಯ ಕಾವಲಿನವನು ನನ್ನ ಮುಖಕ್ಕೇ ಹೇಳಿದ:

"ಸಾರ್, ಅವಳಿಗೆ ತಲೆನೋವಿತ್ತು, ನಿಜ. ಈಗ ಒಂಬತ್ತು ಜನಕ್ಕೆ ತಲೆನೋವು. ನಿಮ್ಮ ಸಂಘಕ್ಕೆ ದೊಡ್ಡ ನಮಸ್ಕಾರ."

ಎಚ್ಚರಿಕೆಯ ಕಾಗದ ಅವನ ಅಂಗಿಯ ಜೇಬಿನಲ್ಲೇ ಇತ್ತು. ಕೊನೆಯದಾಗಿ ತಂಗಿಯ ಮನೆ. ಬಾಗಿಲು ಅರ್ಧ ತೆರೆದು, ಮಗಳಿಗೆ ಪರೀಕ್ಷೆ, ಓದುತ್ತಿದ್ದಾಳೆ ಎಂದಳು. ಅಷ್ಟೇ.

ಇಷ್ಟಕ್ಕೇ ನಿಲ್ಲಲಿಲ್ಲ. ಇನ್ನು ಮುಂದೆ ಪುಸ್ತಕ ಬೇಡ ಎಂದರು. ಪಂಪ್ ಕೋಣೆ, ತಾರಸಿಯ ಬಾಗಿಲು, ಪ್ರತಿ ಅಂತಸ್ತಿನ ಮೆಟ್ಟಿಲಲ್ಲಿ ಒಂದೊಂದು ಚೀಟಿ ಅಂಟಿಸಿದರು. ಕಾವಲಿನವರು ಅಲ್ಲಿಗೆ ಹೋಗಿ ಫೋನು ಹಿಡಿದರೆ ಹೊತ್ತು ತಾನಾಗಿ ದಾಖಲಾಗುತ್ತದೆ. ಅರ್ಧ ಗಂಟೆಗೊಮ್ಮೆ, ತಪ್ಪದೆ. ಬಾಗಿಲುಗಳಿಗೆ ಒಬ್ಬರ ಬದಲು ಇನ್ನೊಬ್ಬರು ಬಂದು ನಿಲ್ಲುವ ಹಾಗೆ ಪಾಳಿ ಹಾಕಿದರು, ಜನ ಒಬ್ಬರನ್ನೂ ಹೆಚ್ಚಿಸಲಿಲ್ಲ. ಕಾವಲಿನವರಿಗೆ ಲಿಫ್ಟಿಲ್ಲ, ಅದು ಮೊದಲಿಂದಲೂ ಇಲ್ಲ. ಆದರೆ ಮೊದಲು ಹನ್ನೊಂದು ಅಂತಸ್ತನ್ನು ಪೆನ್ನು ಹತ್ತುತ್ತಿತ್ತು, ಈಗ ಕಾಲು ಹತ್ತಬೇಕಾಯಿತು.

ಕಿಂಡಿ ಬಂತು. ಬರಲಿಲ್ಲ ಎಂದು ನಾನು ಹೇಳಲಾರೆ. ನಾಲ್ಕು ತಿಂಗಳಾದ ಮೇಲೆ ಹೂವಿನ ಪಾತಿಯ ಕಡೆಯ ಗೋಡೆಯನ್ನು ಕೊರೆದು ಎರಡಡಿಗೆ ಒಂದಡಿಯ ಜಾಲರಿ ಕೂರಿಸಿದರು. ಒಳಗೊಂದು ಸಣ್ಣ ಫ್ಯಾನು, ಧೂಳು ತಡೆಯುವ ಬಟ್ಟೆ. ಹೊಸ ಸರ್ಟಿಫಿಕೇಟಿನ ಜೊತೆ ಹೊಳೆಯುವ ಕಾಗದದಲ್ಲಿ ಒಂದು ಪುಸ್ತಿಕೆ ಹೊರಟಿತು. ಅದರಲ್ಲಿ ಆ ಕಿಂಡಿಯ ಫೋಟೋ, ಕೆಳಗೆ ಬರಹ: ಜನ ಕೇವಲ ಹಾದುಹೋಗುವ ಜಾಗಕ್ಕೂ ಹೊರಗಿನ ತಾಜಾ ಗಾಳಿ. ಕೇಳದೆಯೇ ಕೊಟ್ಟವರ ಹಾಗೆ. ಫೋಟೋ ಚೆನ್ನಾಗಿ ಬರಲಿ ಎಂದು ಕುರ್ಚಿಯನ್ನು ತೆಗೆದಿಟ್ಟಿದ್ದರು.

ಪುಸ್ತಿಕೆಯನ್ನು ನಾನೇ ಬಾಗಿಲಕ್ಕನಿಗೆ ಕೊಟ್ಟೆ. ಅವಳೀಗ ಹಳೇ ರಟ್ಟು, ಹಳೇ ಪೇಪರು ಬೇರ್ಪಡಿಸುವ ಅಂಗಳದಲ್ಲಿ ದಿನಗೂಲಿ. ಬಯಲು ಜಾಗ, ತಗಡಿನ ಚಪ್ಪರವೂ ಅರ್ಧಕ್ಕೆ ಮಾತ್ರ. ತಲೆನೋವು ಹೋಗಿದೆ, ಕಣ್ಣಿಗೆ ಧೂಳು ಬಂದಿದೆ. ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಎತ್ತರ ಜಾಸ್ತಿ ಆಯ್ತು. ಕೂತೋರ ಹಣೆಗೆ ಬರಬೇಕಿತ್ತು" ಅಂದಳು.

ಅವಳ ಗಂಡ ಇಣುಕಿ ನೋಡಿದ. "ಜಾಲರಿಗೆ ಬಣ್ಣ ಹೊಡೆದೋನು ಕೆಲಸಗಾರ ಅಲ್ಲ ಕಣೆ. ನೋಡು, ಸುರಿದಿದಾನೆ."

ತಂಗಿ ಐದು ತಿಂಗಳು ಅಕ್ಕನ ಮನೆಯ ಮೆಟ್ಟಿಲು ತುಳಿಯಲಿಲ್ಲ. ಕೊನೆಗೊಂದು ರಜೆಯ ಮಧ್ಯಾಹ್ನ ಬಂದಳು. ನಾನೂ ಅಲ್ಲಿದ್ದೆ, ದಿನಗೂಲಿಯವರ ಒಂದು ಅರ್ಜಿಗೆ ಬಾಗಿಲಕ್ಕನ ಸಹಿ ಬೇಕಿತ್ತು. ತಂಗಿ ಹೊಸಿಲು ದಾಟುವಾಗ ಚೌಕಟ್ಟು ಹಿಡಿದುಕೊಂಡಳು. ನೆಲದಲ್ಲಿ ಕೂರಲಾಗದೆ ಮಂಚದ ಅಂಚಿಗೆ ಕೂತು ಎರಡೂ ಕಾಲು ಮುಂದೆ ಚಾಚಿದಳು. ಮಂಡಿಗಳು ಊದಿಕೊಂಡಿದ್ದವು.

"ದಿನಕ್ಕೆ ಎಷ್ಟು ಸಲ ಹತ್ತುತ್ತೀ?" ಅಕ್ಕ ಕೇಳಿದಳು.

"ಕಮ್ಮಿ ಅಂದ್ರೆ ಏಳು. ನಿನ್ನೆ ಒಂಬತ್ತು."

"ಮುಂಬಾಗಿಲಿಗೂ ಹಾಕ್ತಾರಾ?"

"ಹಾಕ್ತಾರೆ. ಅರ್ಧ ಗಂಟೆ ನಿಂತ್ಕೋ, ಎದ್ದು ಹೋಗು. ಯಾರೂ ಅಲ್ಲಿ ಕೂರೋ ಹಾಗೇ ಇಲ್ಲ ಈಗ."

"ಗಾಳಿ ಬರುತ್ತಾ?"

"ಬರುತ್ತೆ. ಚೆನ್ನಾಗೇ ಬರುತ್ತೆ. ಕುಂಡದ ಎಲೆ ಅಲ್ಲಾಡ್ತಾ ಇರುತ್ತೆ."

"ಮೆಟ್ಟಿಲಲ್ಲಿ?"

"ಮೆಟ್ಟಿಲಿಗೆ ಎರಡು ಕಡೆ ಬೆಂಕಿ ತಡೆಯೋ ಬಾಗಿಲು, ಗಟ್ಟಿ ಮುಚ್ಚಿರುತ್ತೆ. ಏಳನೇ ಅಂತಸ್ತಿಗೆ ಬರೋ ಹೊತ್ತಿಗೆ ಕಣ್ಣು ಕತ್ತಲೆ ಬರುತ್ತೆ. ಕೇಳಿದ್ರೆ ಅದು ಹಾದುಹೋಗೋ ಜಾಗ ಅಂತಾರೆ. ಅವರು ಹೇಳೋದೂ ನಿಜ, ಹಾದೇ ಹೋಗ್ತೀವಲ್ಲ."

ಬಾಗಿಲಕ್ಕ ನನ್ನ ಕಡೆ ತಿರುಗಿದಳು. ಇದಕ್ಕೊಂದು ಅರ್ಜಿ ಹಾಕಬಹುದಲ್ಲ ಎಂದು ಅವಳ ಮುಖದಲ್ಲೇ ಬರೆದಿತ್ತು. ನಾನು ಬಾಯಿ ತೆರೆಯುವ ಮೊದಲೇ ತಂಗಿ ಕೈ ಎತ್ತಿದಳು.

"ಬೇಡ. ಇಬ್ಬರಿಗೂ ಹೇಳ್ತಾ ಇದೀನಿ. ನನ್ನ ವಿಷಯದಲ್ಲಿ ಏನೂ ಬರೀಬೇಡಿ."

ಬಾಗಿಲಕ್ಕನ ಗಂಡ ಟೀ ಲೋಟಗಳನ್ನು ತಂದಿಟ್ಟು, ಗಾಳಿ ಸರಿಯಿಲ್ಲವೆಂದು ನೋಡಿ ಒಳಗೆ ಹೋದ.

"ಅಕ್ಕಾ, ನೀನು ಅವತ್ತು ಹೇಳಿದ್ದು ಸುಳ್ಳು ಅಂತ ನಾನು ಹೇಳಲ್ಲ. ನಿನ್ನ ಕೆಲಸ, ನಿನ್ನ ತಲೆ, ನಿನ್ನಿಷ್ಟ. ಆದ್ರೆ ಆ ಪುಟದಲ್ಲಿ ನನ್ನ ಸಾಲೂ ಇತ್ತು. ತೆಗೆದು ತೋರಿಸೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳ್ಬೇಕಿತ್ತು."

"ಕೇಳಿದ್ರೆ ಬೇಡ ಅಂತಿದ್ದೆ."

"ಹೌದು. ಬೇಡ ಅಂತಿದ್ದೆ."

"ಅವತ್ತು ತಲೆ ಅಲ್ಲಾಡಿಸಿದೆಯಲ್ಲ, ನೋಡಿದೆ ನಾನು."

"ನೋಡಿದೀಯ ಅಂತ ನನಗೂ ಗೊತ್ತು."

ತಂಗಿ ಟೀ ಪೂರ್ತಿ ಕುಡಿದಳು. ಲೋಟ ಕೆಳಗಿಟ್ಟು, ಮಂಚದ ಕಾಲು ಹಿಡಿದು ಎದ್ದಳು. ನಾಲ್ಕೂವರೆಯ ಬಸ್ಸಿಗೆ ಹೋಗಬೇಕು, ಮಗಳು ಕಾಯುತ್ತಿರುತ್ತಾಳೆ ಎಂದಳು. ಬಾಗಿಲಕ್ಕ ಸ್ಟಾಪಿನವರೆಗೆ ಬರುತ್ತೇನೆಂದು ಎದ್ದು ಚಪ್ಪಲಿ ಹುಡುಕಿದಳು. ಬೇಡ, ನಿಧಾನಕ್ಕೆ ನಡೀತೀನಿ, ನಿನಗೆ ತಡ ಆಗುತ್ತೆ ಎಂದು ಹೇಳಿ ತಂಗಿ ಗೋಡೆ ಹಿಡಿದುಕೊಂಡು ಓಣಿಗಿಳಿದಳು. ಬಾಗಿಲಕ್ಕ ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು, ಅವಳು ತಿರುವು ದಾಟುವವರೆಗೆ ನಿಂತೇ ಇದ್ದಳು.